ಕಿವಿಗೆ ಕಾಣುವ ಕಾಡು

ಕೋಗಿಲೆ ಹಾಡುಹಕ್ಕಿಯಲ್ಲ, ಕಾಗೆ ಹಾಡುಹಕ್ಕಿ. ಯುಗಾದಿ ಕವಿಗೋಷ್ಠಿಯಲ್ಲಿ ಈ ಮಾತು ಹೇಳಿದರೆ ಮೈಕು ಕಿತ್ತುಕೊಂಡಾರು. ಆದರೆ ಪಕ್ಷಿಶಾಸ್ತ್ರದ ಲೆಕ್ಕ ಇರುವುದೇ ಹಾಗೆ. ಹಾಡುಹಕ್ಕಿಗಳ ಪಂಗಡವನ್ನು ಗುರುತಿಸುವುದು ದನಿಯ ಇಂಪಿನಿಂದಲ್ಲ. ಉಸಿರುಕೊಳವೆ ಎರಡಾಗಿ ಕವಲೊಡೆಯುವ ಜಾಗದಲ್ಲಿ ಹಕ್ಕಿಗಳಿಗೆ ಸಿರಿಂಕ್ಸ್ ಎಂಬ ದನಿಪೆಟ್ಟಿಗೆ ಇರುತ್ತದೆ. ಹಾಡುಹಕ್ಕಿಗಳಲ್ಲಿ ಅದರ ಕಟ್ಟೋಣ ಬಲು ನಾಜೂಕು. ಎರಡು ಕವಲುಗಳಿಂದ ಏಕಕಾಲಕ್ಕೆ ಎರಡು ಸ್ವರ ಹೊರಡಿಸಬಲ್ಲಷ್ಟು ಹಿಡಿತ. ಅದಕ್ಕಿಂತ ದೊಡ್ಡ ಗುರುತು ಇನ್ನೊಂದಿದೆ: ಅವು ಹಾಡನ್ನು ಕೇಳಿ ಕಲಿಯುತ್ತವೆ. ಕಾಗೆಯ ಗೂಡಿನಲ್ಲಿ ಕಾಗೆಯ ಕೂಗು ಕೇಳುತ್ತಲೇ ಬೆಳೆದ ಕೋಗಿಲೆಮರಿ, ಕಡೆಗೆ ಕುಹೂ ಎಂದೇ ಕೂಗುತ್ತದೆ. ಅದಕ್ಕೆ ಗುರು ಬೇಡ. ಮಡಿವಾಳ ಹಕ್ಕಿಗೆ, ಶಾಮನಿಗೆ, ಸಿಳ್ಳಾರನಿಗೆ ಗುರು ಬೇಕು.

ಗುರು ಸಿಗದಿದ್ದರೆ ಏನಾಗುತ್ತದೆ? ಆಸ್ಟ್ರೇಲಿಯಾದಲ್ಲಿ ರೀಜೆಂಟ್ ಹನಿಈಟರ್ ಎಂಬ ಹಕ್ಕಿ ಕೆಲವೇ ನೂರಕ್ಕೆ ಇಳಿದಿದೆ. 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅದರ ಗಂಡುಗಳಲ್ಲಿ ಸುಮಾರು ನೂರಕ್ಕೆ 12ರಷ್ಟು ತಮ್ಮ ಕುಲದ ಹಾಡನ್ನೇ ಹಾಡುವುದಿಲ್ಲ, ಬೇರೆ ಹಕ್ಕಿಗಳ ಹಾಡು ಹಾಡುತ್ತವೆ. ಕಾಡು ಕಡಿದು ಚೂರಾದಾಗ ಮರಿಗೆ ಪಾಠ ಹೇಳುವ ಹಿರಿಯರು ಕಿವಿಗೆ ನಿಲುಕುವಷ್ಟು ಹತ್ತಿರ ಉಳಿಯಲಿಲ್ಲ. ನಮ್ಮ ಪಶ್ಚಿಮಘಟ್ಟದ ಶೋಲಕಿಲಿ ಎಂಬ ಹಕ್ಕಿಗಳ ಮೇಲೆ ಪುರುಷೋತ್ತಮ್ ಮತ್ತು ರಾಬಿನ್ 2016ರಲ್ಲಿ ಪ್ರಕಟಿಸಿದ ಕೆಲಸವೂ ಇದೇ ದಾರಿಯದು. ಲಕ್ಷಾಂತರ ವರ್ಷಗಳಿಂದ ಆಳದ ಕಣಿವೆಗಳು ಬೇರ್ಪಡಿಸಿದ ಹಕ್ಕಿಗಳ ಹಾಡು ಬೇರೆಯಾದ ರೀತಿಯೇ ಬೇರೆ, ಮೊನ್ನೆಮೊನ್ನೆ ಕಾಡು ಕಡಿದದ್ದರಿಂದ ಬೇರೆಯಾದ ಹಕ್ಕಿಗಳದ್ದೇ ಬೇರೆ.

ಇಷ್ಟು ಪೀಠಿಕೆ ಯಾಕೆಂದರೆ, ತಾಳವಾಡಿ ಸೀಮೆಯ ಜೀರಹಳ್ಳಿಯಲ್ಲಿ ಬೆಳಗಿನ ಆರು ಗಂಟೆಗೆ ನಿಂತವನಿಗೆ ಹಕ್ಕಿ ಕಾಣುವುದಿಲ್ಲ, ಕೇಳುತ್ತದೆ. ಸತ್ಯಮಂಗಲದಿಂದ ದಿಂಬಂ ಘಟ್ಟದ 27 ತಿರುವು ಹತ್ತಿ ಬಂದರೆ ತಾಳವಾಡಿ ಸೀಮೆ; ಚಾಮರಾಜನಗರದ ಕಡೆಯಿಂದ ಬರುವವರಿಗೆ ಆ ಕಷ್ಟವಿಲ್ಲ. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಇಂದು ಈರೋಡು ಜಿಲ್ಲೆ. ಮನೆಮಾತು ಕನ್ನಡ, ಹೊಲದಲ್ಲಿ ರಾಗಿ, ಅರಿಶಿನ, ಕೋಸು, ಚೆಂಡುಹೂ. ಹೊಲ ಮುಗಿಯುವಲ್ಲಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ ಶುರು. 2013ರಲ್ಲಿ ಘೋಷಣೆಯಾದ, 1,400 ಚದರ ಕಿಲೋಮೀಟರಿಗೂ ಮೀರಿದ ಈ ಕಾಡಿನಲ್ಲಿ ಜೀರಹಳ್ಳಿ ಹೆಸರಿನದೇ ಒಂದು ವಲಯವಿದೆ. ಪಕ್ಕದ್ದೇ ಬಿಳಿಗಿರಿರಂಗನ ಬೆಟ್ಟದ ಕಾಡು. ಹಕ್ಕಿ ಸಂಶೋಧನೆಯ ಹೆಚ್ಚಿನ ಕೆಲಸ ನಡೆದಿರುವುದು ಆ ಬೆಟ್ಟದಲ್ಲಿ. ಮರ ಅವೇ, ಕಾಡಿನ ಮೂಲನಿವಾಸಿಗಳಾದ ಸೋಲಿಗರೂ ಎರಡೂ ಕಡೆ ಇದ್ದಾರೆ.

ಸಲೀಂ ಅಲಿ 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿ ಸಮೀಕ್ಷೆ ಮಾಡಿದಾಗ ಅದು ಬಂದೂಕಿನ ಕಾಲ. ಹಕ್ಕಿ ಹೊಡೆದು, ಚರ್ಮ ಬಿಡಿಸಿ, ಚೀಟಿ ಕಟ್ಟಿದರೆ ಅದು ದಾಖಲೆ. ಈಗ ಕಾಡಿನಲ್ಲಿ ಗೊತ್ತುಮಾಡಿದ ಒಂದು ಜಾಗಕ್ಕೆ ಹೋಗಿ, ಐದೋ ಹತ್ತೋ ನಿಮಿಷ ಅಲ್ಲಾಡದೆ ನಿಂತು, ಯಾವ ದನಿ ಎಷ್ಟು ದೂರದಿಂದ ಬಂತು ಎಂದು ಬರೆದುಕೊಳ್ಳುತ್ತಾರೆ. ನಂತರ ಮುಂದಿನ ಜಾಗ. ಬಿಸಿಲೇರಿ ಹಕ್ಕಿಗಳ ಗದ್ದಲ ಇಳಿಯುವುದರೊಳಗೆ ಆ ದಿನದ ಸುತ್ತು ಮುಗಿಯಬೇಕು. ಕೇಳಲು ಸರಾಗ, ನಿಂತು ನೋಡಿದರೆ ಗೊತ್ತಾಗುತ್ತದೆ. ಎಡಗಡೆ ಪಿಕಳಾರ ಎರಡು, ಮೇಲೆ ಕುಟ್ರಹಕ್ಕಿ ಒಂದು, ಅದರ ಹಿಂದೆ ಇನ್ನೊಂದು ಕುಟ್ರವೋ ಮೊದಲಿನದ್ದೇ ಜಾಗ ಬದಲಿಸಿತೋ. ಪೊದೆಯೊಳಗೆ ಹರಟೆಮಲ್ಲಗಳು ಏಳೋ ಒಂಬತ್ತೋ, ಎಲ್ಲವೂ ಒಟ್ಟಿಗೆ ಜಗಳ. ಅಷ್ಟರಲ್ಲಿ ಬಿದಿರು ಲಟಕ್ಕೆಂದರೆ ಹಕ್ಕಿ ಲೆಕ್ಕ ಅಲ್ಲಿಗೆ ನಿಂತಿತು, ಆನೆ ಯಾವ ಕಡೆ ಎಂಬುದೇ ಮುಖ್ಯ. ರಾತ್ರಿಯಿಡೀ ಅಟ್ಟಣೆಯ ಮೇಲೆ ಹೊಲ ಕಾದವರು ಇಳಿದು ಮನೆಗೆ ನಡೆಯುವ ಹೊತ್ತೂ ಅದೇ.

ಈ ಕೆಲಸವನ್ನು ಕೆಡಿಸಲೆಂದೇ ಹುಟ್ಟಿದ ಹಕ್ಕಿಯೊಂದಿದೆ, ಭೀಮರಾಜ. ಕಾಜಾಣದ ಜಾತಿ, ಕರಿಮೈ, ನೆತ್ತಿಯ ಮೇಲೆ ಜುಟ್ಟು, ಬಾಲದಿಂದ ಎರಡು ತಂತಿ ಎಳೆದು ತುದಿಗೆ ಗರಿ ಸಿಕ್ಕಿಸಿದಂತೆ. ಬಿಜ್ಜುವಿನ ಕೂಗು, ಹೊನ್ನಕ್ಕಿಯ ಸಿಳ್ಳು, ಹರಟೆಮಲ್ಲನ ಗೊಣಗು, ಎಲ್ಲವೂ ಅದರ ಜೋಳಿಗೆಯಲ್ಲಿ. ಬಿಜ್ಜು ಎಂದು ನಾನೂ ಬರೆದುಕೊಂಡು, ತಲೆಯೆತ್ತಿ ನೋಡಿ, ಹೊಡೆದುಹಾಕಿದ್ದೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೋಹಿಣಿ ಬಾಲಕೃಷ್ಣನ್ ಅವರ ತಂಡದಿಂದ ಬಂದ ಸಮೀರಾ ಅಗ್ನಿಹೋತ್ರಿ ಬಿಳಿಗಿರಿ ಕಾಡಿನಲ್ಲಿ ಈ ಭೀಮರಾಜನ ಬೆನ್ನು ಹತ್ತಿದರು. 2014ರ ಅವರ ಪ್ರಬಂಧದ ಪ್ರಶ್ನೆ ನನಗೆ ಬಹಳ ಹಿಡಿಸಿತು. ಅನುಕರಣೆ ಎಷ್ಟು ಪಕ್ಕಾ ಎಂದು ತೀರ್ಮಾನಿಸುವವರು ಯಾರು, ಕಂಪ್ಯೂಟರೋ ಮನುಷ್ಯನ ಕಿವಿಯೋ? ಎರಡನ್ನೂ ಪಕ್ಕಪಕ್ಕ ಇಟ್ಟು ಅವರು ಅಳೆದರು. ಅನುಕರಣೆ ಬರೀ ಚೇಷ್ಟೆಯೂ ಅಲ್ಲ. ಶ್ರೀಲಂಕೆಯ ಸಿಂಹರಾಜ ಕಾಡಿನಲ್ಲಿ ಗುಡೇಲ್ ಮತ್ತು ಕೊಟಗಾಮ 2006ರಲ್ಲಿ ತೋರಿಸಿದಂತೆ, ಅಲ್ಲಿನ ಭೀಮರಾಜ ಬೇರೆ ಹಕ್ಕಿಗಳ ದನಿ ತೆಗೆದು ಅವುಗಳನ್ನು ತನ್ನತ್ತ ಸೆಳೆಯುತ್ತದೆ. ಹಲವು ಜಾತಿ ಕೂಡಿ ಮೇಯುವಾಗ ಎದ್ದೇಳುವ ಹುಳುಗಳಲ್ಲಿ ಅದಕ್ಕೂ ಪಾಲು.

ಅಗ್ನಿಹೋತ್ರಿ ಅವರ ಇನ್ನೊಂದು ಕೆಲಸ ಭಾಷಾವಿಜ್ಞಾನಿ ಆಂಗ್ ಸೀ ಅವರ ಜೊತೆಗಿನದು. ಸೋಲಿಗರ ಹಕ್ಕಿ ತಿಳಿವಳಿಕೆಯನ್ನು ಕುರಿತು 2012ರಲ್ಲಿ ಇಬ್ಬರೂ ಸೇರಿ ಬರೆದರು. ದುರ್ಬೀನು ಇಲ್ಲದೆ ಕಾಡಿನಲ್ಲಿ ಬಾಳಿದವರಿಗೆ ಹಕ್ಕಿಯೆಂದರೆ ಮೊದಲು ದನಿ. ಎಷ್ಟೋ ಹೆಸರುಗಳು ಆ ದನಿಯಿಂದಲೇ ಹುಟ್ಟಿವೆ. ಸಂಶೋಧಕರು ವರ್ಷಗಟ್ಟಲೆ ಧ್ವನಿಮುದ್ರಣ ಕೇಳಿ ಪಡೆಯುವ ಪಳಗಿದ ಕಿವಿ ಇಲ್ಲಿ ಹಾಡಿಯ ಹುಡುಗರಿಗೆ ಜೇನು ಕೀಳಲು ಹೋಗುತ್ತ ಬರುತ್ತ ಸಿಗುತ್ತದೆ. ಲೇಖನಗಳ ಕೊನೆಯಲ್ಲಿ 'ಕ್ಷೇತ್ರ ಸಹಾಯಕರು' ಎಂದು ಒಂದು ಸಾಲಿನಲ್ಲಿ ಮುಗಿಸುವ ಜನ ಇವರೇ. ಆ ಸಾಲು ಇನ್ನಷ್ಟು ಮೇಲಕ್ಕೆ ಬರಬೇಕಿತ್ತು.

ಈ ಕಿವಿಗಳಿಗೆ ಈಗ ಕಾಡು ಹೇಗೆ ಕೇಳುತ್ತಿದೆ? ಲಂಟಾನವನ್ನು ಬಿಟ್ಟು ಉತ್ತರ ಹೇಳಲಾಗದು. ಕಾಡೆಲ್ಲ ಹಬ್ಬುವ ಪೊದೆಗಿಡ ಇದು, ತಮಿಳಿನವರ ಉಣ್ಣಿಚೆಡಿ. ಏಟ್ರೀ ಸಂಸ್ಥೆಯ ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ ಬಿಳಿಗಿರಿ ಕಾಡಿನ 134 ತಾಕುಗಳನ್ನು ಹನ್ನೊಂದು ವರ್ಷದ ಅಂತರದಲ್ಲಿ ಹೋಲಿಸಿದರು: 1997ರಲ್ಲಿ ನೂರಕ್ಕೆ 41 ತಾಕುಗಳಲ್ಲಿದ್ದ ಲಂಟಾನ 2008ಕ್ಕೆ 81ರಲ್ಲಿ ಇತ್ತು. ಮಲೆಮಹದೇಶ್ವರ ಬೆಟ್ಟದಲ್ಲಿ ನಡೆದ ಇನ್ನೊಂದು ಅಧ್ಯಯನ, ಲಂಟಾನ ಒಂದು ಮಿತಿ ದಾಟಿ ದಟ್ಟವಾದರೆ ಹಕ್ಕಿಗಳ ವೈವಿಧ್ಯ ಕುಸಿಯುತ್ತದೆ ಎಂದು ಕಂಡಿತು. ವಿಚಿತ್ರವೆಂದರೆ ಇದನ್ನು ಬಿತ್ತುವವರಲ್ಲಿ ಹಾಡುಹಕ್ಕಿಯೂ ಸೇರಿದೆ. ಲಂಟಾನದ ಕರಿಹಣ್ಣು ಪಿಕಳಾರಕ್ಕೆ ಬಲು ಇಷ್ಟ. ತಿಂದು ಹೋಗಿ ಇನ್ನೊಂದು ಮರದ ಮೇಲೆ ಕೂತು ಹಿಕ್ಕೆ ಹಾಕಿದರೆ ಅಲ್ಲೊಂದು ಪೊದೆ.

ಬೆಂಕಿಯ ಮಾತು ಬರುವುದು ಇಲ್ಲಿ. ಬೇಸಿಗೆಯ ಆರಂಭದಲ್ಲಿ ಒಣಗಿದ ತರಗೆಲೆಗೆ ಸಣ್ಣಗೆ ಬೆಂಕಿ ಹಚ್ಚುವುದು ಸೋಲಿಗರ ಪದ್ಧತಿ, ತರಗು ಬೆಂಕಿ ಎನ್ನುತ್ತಾರೆ. ಬಿಳಿಗಿರಿ 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಲಂಟಾನ ಹಬ್ಬಿದ್ದಕ್ಕೂ ನೆಲ್ಲಿಮರಗಳಿಗೆ ಉಪ್ಪಿಲು ಅಡರಿದ್ದಕ್ಕೂ ಬೆಂಕಿ ನಿಂತದ್ದೇ ಕಾರಣ ಎಂಬುದು ಅವರ ವಾದ. ಉಪ್ಪಿಲೆಂದರೆ ಬದನಿಕೆ, ಕೊಂಬೆಯ ಮೇಲೆ ಬೇರೂರಿ ಮರದ ರಸ ಹೀರುವ ಗಿಡ. ನೆಲ್ಲಿಕಾಯಿ ಕೀಳುವವರ ಕೈಯಿಂದ ಕೊಂಬೆ ಮುರಿದು ಮರ ಕೆಡುತ್ತಿದೆ ಎಂದು ಅಧಿಕಾರಿಗಳು ಲೆಕ್ಕ ಹಾಕುತ್ತಿದ್ದಾಗ, ಸೋಲಿಗರು ಬೆರಳು ತೋರಿದ್ದು ಉಪ್ಪಿಲಿನತ್ತ. ಲೂಸಿ ರಿಸ್ಟ್ ಮತ್ತು ಸಂಗಡಿಗರು 2010ರಲ್ಲಿ ಈ ವಾದವನ್ನು ವಿಜ್ಞಾನದ ಪತ್ರಿಕೆಗೆ ತಂದರು. ಹಾಗೆಂದು ಈಗ ಕಡ್ಡಿ ಗೀರಿದರೆ ಆಗುವುದಿಲ್ಲ. ಆಳೆತ್ತರದ ಲಂಟಾನಕ್ಕೆ ಹತ್ತಿದ ಬೆಂಕಿ ತರಗಿನ ಬೆಂಕಿಯಂತೆ ನೆಲದಲ್ಲಿ ಹರಿದು ಆರುವುದಿಲ್ಲ, ಮರವನ್ನೇ ಏರುತ್ತದೆ. ಮೊದಲು ಲಂಟಾನ ಬೇರುಸಹಿತ ಕೀಳಬೇಕು, ಅದಕ್ಕೆ ಕೂಲಿ ಬೇಕು, ಮಳೆ ಬಿದ್ದ ಮೇಲೆ ಮತ್ತೆ ಬಂದು ನೋಡಬೇಕು.

ಇನ್ನು ಉಪ್ಪಿಲನ್ನು ನೆಡುವ ಹಕ್ಕಿಯನ್ನು ನೋಡಿ. ಹೆಬ್ಬೆರಳಿನಷ್ಟು ಗಾತ್ರ, ಬೂದುಬಣ್ಣ, ಹೆಸರೇ ಬದನಿಕೆ ಹಕ್ಕಿ. ಕೆಲವು ಬದನಿಕೆಗಳ ಮೊಗ್ಗು ಮಾಗಿದರೂ ತಾನಾಗಿ ಅರಳುವುದಿಲ್ಲ, ಈ ಹಕ್ಕಿ ಕೊಕ್ಕಿನಿಂದ ಹಿಚುಕಬೇಕು. ಆ ಮೊಗ್ಗಿಗೂ ಹಣ್ಣಿಗೂ ಇರುವ ಹೋಲಿಕೆಯನ್ನು ಪ್ರಿಯಾ ದಾವಿದಾರ್ 1983ರಲ್ಲಿ ಎತ್ತಿ ತೋರಿಸಿದರು. ಜೀರಹಳ್ಳಿಯ ಹೊಲದಂಚಿನ ಮರದಲ್ಲೂ ಇದನ್ನು ನೋಡಬಹುದು. ಚಿಕ್ ಚಿಕ್ ಎನ್ನುತ್ತ ಬಂದು ಹಣ್ಣು ನುಂಗುತ್ತದೆ. ಕೆಲವೇ ನಿಮಿಷಕ್ಕೆ ಬೀಜ ಹೊರಗೆ, ಆದರೆ ಅಂಟು ಬಿಡುವುದಿಲ್ಲ, ಬಾಲದ ಬುಡದಲ್ಲಿ ನೂಲಿನಂತೆ ನೇತಾಡುತ್ತದೆ. ಹಕ್ಕಿ ಕೊಂಬೆಗೆ ಅಡ್ಡ ತಿರುಗಿ, ಹಿಂಭಾಗ ಒತ್ತಿ, ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಒರೆಸುತ್ತದೆ. ಬೀಜ ತೊಗಟೆಗೆ ಅಂಟಿಕೊಂಡಿತು. ಹಕ್ಕಿ ಮತ್ತೊಮ್ಮೆ ಚಿಕ್ ಎಂದು ಪಕ್ಕದ ಮರಕ್ಕೆ ಹಾರಿತು.