ಬಾವುಟ ನಮ್ಮದೇ, ನೂಲು ಯಾರದು?

ಆಗಸ್ಟ್ ಎರಡನೇ ವಾರ ಬಂತೆಂದರೆ ನಗರದ ಯಾವ ಸಿಗ್ನಲ್‌ನಲ್ಲಿ ನಿಂತರೂ ಬಾವುಟ ಮಾರುವ ಹುಡುಗರು ಸುತ್ತುಗಟ್ಟುತ್ತಾರೆ. ಕಳೆದ ವರ್ಷ ನಾನೂ ಒಂದು ಕೊಂಡೆ. ಇಪ್ಪತ್ತೈದು ರೂಪಾಯಿ ಹೇಳಿದ ಹುಡುಗ, ಹಸಿರು ದೀಪ ಬೀಳುವ ಹೊತ್ತಿಗೆ ಹದಿನೈದಕ್ಕೆ ಇಳಿದಿದ್ದ. ಹೊಳೆಯುವ ಪಾಲಿಯೆಸ್ಟರ್ ಬಟ್ಟೆ, ಅದರ ಮೇಲೆ ಅಚ್ಚು ಹಾಕಿದ ಚಕ್ರ. ಮನೆಗೆ ತಂದಾಗ ಅಜ್ಜಿ ಅದರ ಅಂಚನ್ನು ಬೆರಳಲ್ಲಿ ಹೊಸೆದು ನೋಡಿ, 'ಇದು ಖಾದಿ ಅಲ್ಲವಲ್ಲೋ' ಎಂದರು.

'ಖಾದಿ ಅಲ್ಲದಿದ್ದರೆ ಏನಾಯಿತಜ್ಜಿ, ಇದೂ ನಮ್ಮ ದೇಶದಲ್ಲೇ ಮಾಡಿದ್ದು' ಎಂದೆ.

ಐವತ್ತರ ದಶಕದಲ್ಲಿ ಶಾಲೆಯಲ್ಲಿ ಕೂತು ತಕಲಿಯಿಂದ ನೂಲು ತೆಗೆದ ಕೈ ಅದು. ನನ್ನ ಉತ್ತರದಿಂದ ಅಜ್ಜಿಗೆ ಸಮಾಧಾನವಾಗಲಿಲ್ಲ. ಆಮೇಲೆ ಯೋಚಿಸಿದಾಗ ನನಗೂ ಆಗಲಿಲ್ಲ.

ಗಡಿಯಲ್ಲಿ ಗಲಾಟೆಯಾದಾಗ, ಯಾವುದೋ ದೇಶ ನಮ್ಮ ಸರಕಿನ ಮೇಲೆ ಸುಂಕ ಏರಿಸಿದಾಗ, ದೀಪಾವಳಿಗೆ ಚೀನಾದ ದೀಪದ ಸರಗಳು ಬಂದಿಳಿದಾಗ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಕೊಳ್ಳುವವರು ಸ್ವದೇಶಿ ವಸ್ತುವನ್ನೇ ಆರಿಸಬೇಕೆ? ಹೌದು ಎನ್ನುವವರು ನಮ್ಮ ಹಣ ನಮ್ಮಲ್ಲೇ ಉಳಿಯಲಿ ಎನ್ನುತ್ತಾರೆ. ಅಲ್ಲ ಎನ್ನುವವರು, ಬೆವರು ಸುರಿಸಿ ದುಡಿದ ಹಣಕ್ಕೆ ಒಳ್ಳೆಯದೂ ಅಗ್ಗದ್ದೂ ಎಲ್ಲಿ ಸಿಕ್ಕರೇನು ಎನ್ನುತ್ತಾರೆ. ಇದು ಭಾರತದಲ್ಲಿ ಹುಟ್ಟಿದ ಜಗಳವೇನೂ ಅಲ್ಲ. ನಮ್ಮ ಬಟ್ಟೆಯ ವಿರುದ್ಧ ಇಂಗ್ಲೆಂಡಿನಲ್ಲೇ ಇದು ಮೊದಲು ಜೋರಾಗಿ ನಡೆದಿತ್ತು.

ಇಂಗ್ಲೆಂಡಿನ 'ಸ್ವದೇಶಿ'

ಹದಿನೇಳನೇ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಲಂಡನ್ನಿಗೆ ಹೊತ್ತು ತಂದ ಅಚ್ಚಿನ ಹತ್ತಿ ಬಟ್ಟೆಗೆ ಅಲ್ಲಿನ ಹೆಂಗಸರು ಮಾರುಹೋದರು. ಹಗುರ, ತೊಳೆದರೂ ಬಣ್ಣ ಬಿಡದು, ಬೆಲೆಯೂ ಕಡಿಮೆ. ಅಲ್ಲಿನ ಉಣ್ಣೆ ಮತ್ತು ರೇಷ್ಮೆ ನೇಕಾರರ ಮಗ್ಗಗಳಿಗೆ ಕೆಲಸ ತಪ್ಪಿತು. 1700ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಇಂಥ ಬಟ್ಟೆಯ ಆಮದನ್ನು ತಡೆಯುವ ಕಾನೂನು ಮಾಡಿತು. ಅದರಿಂದಲೂ ಚಟ ಬಿಡಲಿಲ್ಲ. 1719ರಲ್ಲಿ ಸಿಟ್ಟಿಗೆದ್ದ ನೇಕಾರರು ಲಂಡನ್ನಿನ ಬೀದಿಗಳಲ್ಲಿ ಹತ್ತಿಯ ಗೌನು ತೊಟ್ಟ ಹೆಂಗಸರನ್ನು ಅಟ್ಟಿಸಿಕೊಂಡು ಹೋಗಿ ಬಟ್ಟೆ ಹರಿದರು. 1721ರ ಕಾನೂನು ಇನ್ನೂ ಮುಂದೆ ಹೋಗಿ, ಅಚ್ಚಿನ ಹತ್ತಿ ಬಟ್ಟೆಯನ್ನು ತೊಡುವುದನ್ನೇ ಬಹುಮಟ್ಟಿಗೆ ಅಪರಾಧವೆಂದು ಸಾರಿತು. ಅದು ರದ್ದಾದದ್ದು 1774ರಲ್ಲಿ. ಅಷ್ಟು ಹೊತ್ತಿಗೆ ಲ್ಯಾಂಕಾಷೈರ್ ಪ್ರಾಂತದಲ್ಲಿ ನೂಲುವ ಯಂತ್ರಗಳು ತಿರುಗಲು ಶುರುವಾಗಿದ್ದವು. ಮುಂದೆ ಅದೇ ಗಿರಣಿಗಳ ಬಟ್ಟೆ ನಮ್ಮ ಸಂತೆಗಳಿಗೆ ಬಂದು ನಮ್ಮ ನೇಕಾರರ ಮಗ್ಗ ನಿಲ್ಲಿಸಿದ್ದು ಎಲ್ಲರಿಗೂ ಗೊತ್ತಿರುವ ಕಥೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. 'ದೇಶದ ಬಟ್ಟೆಯನ್ನೇ ಉಡಿ' ಎಂದು ಕೊಳ್ಳುವವರ ಮನವೊಲಿಸಿ ಇಂಗ್ಲೆಂಡ್ ತನ್ನ ಉದ್ಯಮವನ್ನು ಬೆಳೆಸಲಿಲ್ಲ. ಕಾನೂನಿನ ಬೇಲಿ ಹಾಕಿ ಬೆಳೆಸಿತು. ಪರಾಧೀನರಾಗಿದ್ದ ನಮ್ಮ ಕೈಯಲ್ಲಿ ಕಾನೂನಿರಲಿಲ್ಲ. ಸುಂಕ ಎಷ್ಟಿರಬೇಕೆಂದು ನಿರ್ಧರಿಸುವವನು ಲ್ಯಾಂಕಾಷೈರಿನ ನೆಂಟ. ಆದ್ದರಿಂದಲೇ ನಮ್ಮಲ್ಲಿ ಆ ಭಾರ ಕೊಳ್ಳುವವರ ಹೆಗಲಿಗೆ ಬಿತ್ತು. ಬಂಗಾಳದ ವಿಭಜನೆಯನ್ನು ವಿರೋಧಿಸಿ 1905ರ ಆಗಸ್ಟ್ 7ರಂದು ಕಲ್ಕತ್ತೆಯ ಟೌನ್‌ಹಾಲ್‌ನಲ್ಲಿ ವಿದೇಶಿ ಸರಕನ್ನು ಬಹಿಷ್ಕರಿಸುವ ನಿರ್ಣಯವಾದಾಗ, ಪಾರ್ಲಿಮೆಂಟು ಮಾಡಬೇಕಾದ ಕೆಲಸವನ್ನು ಜನ ಸಂತೆಯಲ್ಲಿ ನಿಂತು ಮಾಡಲು ಹೊರಟಿದ್ದರು.

ಉತ್ಸಾಹವೇನೋ ಅಪಾರವಾಗಿತ್ತು. ಆದರೆ ಅದರ ಖರ್ಚು ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ. ಬೇಡಿಕೆ ಏರಿದ್ದೇ ಮುಂಬಯಿಯ ಗಿರಣಿ ಮಾಲೀಕರಿಗೆ ಲಾಭವಾಯಿತು, ಬಟ್ಟೆಯ ಬೆಲೆ ಏರಿತು. ಅಗ್ಗದ ವಿಲಾಯತಿ ಪಂಚೆ ಉಡುತ್ತಿದ್ದ ಬಡ ರೈತನಿಗೆ, ಅದನ್ನು ಮಾರಿ ಹೊಟ್ಟೆ ಹೊರೆಯುತ್ತಿದ್ದ ಸಣ್ಣ ವ್ಯಾಪಾರಿಗೆ ಒತ್ತಾಯ, ಬೆದರಿಕೆಗಳು ಬಂದವು. ಪೂರ್ವ ಬಂಗಾಳದಲ್ಲಿ ಇಂಥವರಲ್ಲಿ ಹೆಚ್ಚಿನವರು ಮುಸ್ಲಿಮರಾಗಿದ್ದರಿಂದ ವಿಷಯ ಇನ್ನಷ್ಟು ಕಹಿಯಾಯಿತು. ಚಳವಳಿಗೆ ಹಾಡು ಕಟ್ಟಿಕೊಟ್ಟಿದ್ದ ರವೀಂದ್ರನಾಥ ಠಾಕೂರರು ಕೆಲವೇ ವರ್ಷಗಳಲ್ಲಿ ಹಿಂದೆ ಸರಿದರು. 1916ರಲ್ಲಿ ಬಂದ ಅವರ ಕಾದಂಬರಿ 'ಘರೇ ಬಾಯಿರೇ'ಯ ಜಮೀನ್ದಾರ ನಿಖಿಲ್ ಸ್ವದೇಶಿ ವಸ್ತುಗಳಿಗಾಗಿ ತನ್ನ ಹಣವನ್ನೇ ಕಳೆದುಕೊಂಡವನು. ಆದರೂ ತನ್ನ ಸಂತೆಯಲ್ಲಿ ವಿದೇಶಿ ಬಟ್ಟೆಯನ್ನು ನಿಷೇಧಿಸಲು ಒಪ್ಪುವುದಿಲ್ಲ. ತನಗೆ ನಷ್ಟ ತಡೆಯುವ ಶಕ್ತಿಯಿದೆ, ತನ್ನ ಒಕ್ಕಲಿಗೆ ಇಲ್ಲ ಎಂಬುದು ಅವನಿಗೆ ಗೊತ್ತು.

ದುಬಾರಿಯಾಗಲಿ ಎಂದವರು

ಗಾಂಧೀಜಿ ಇದೇ ಪ್ರಶ್ನೆಯನ್ನು ಬೇರೆ ತುದಿಯಿಂದ ಹಿಡಿದರು. 1916ರಲ್ಲಿ ಮದರಾಸಿನಲ್ಲಿ ಮಾತನಾಡುತ್ತ, ಸ್ವದೇಶಿ ಎಂದರೆ ದೂರದ್ದನ್ನು ಬಿಟ್ಟು ಆಸುಪಾಸಿನದನ್ನು ಬಳಸುವ, ಆಸುಪಾಸಿನವರ ಸೇವೆ ಮಾಡುವ ಮನೋಭಾವ ಎಂದು ವಿವರಿಸಿದರು. ಈ ಅರ್ಥದಲ್ಲಿ ಮ್ಯಾಂಚೆಸ್ಟರಿನ ಗಿರಣಿಯ ಬದಲು ಮುಂಬಯಿಯ ಗಿರಣಿ ಬಂದಷ್ಟಕ್ಕೇ ಸ್ವದೇಶಿಯಾಗುವುದಿಲ್ಲ. ಹಳ್ಳಿಯ ಮನೆಯಲ್ಲಿ ಬೇಸಾಯದ ಕೆಲಸವಿಲ್ಲದ ತಿಂಗಳುಗಳಲ್ಲಿ ಖಾಲಿ ಕೂರುವ ಕೈಗೆ ಕೆಲಸ ಸಿಗಬೇಕು. 1924ರ ಡಿಸೆಂಬರಿನಲ್ಲಿ ಅವರೇ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ಸಿನಲ್ಲಿ, ಸದಸ್ಯತ್ವಕ್ಕೆ ನಾಲ್ಕಾಣೆ ಚಂದಾ ಬದಲು ತಿಂಗಳಿಗೆ ಎರಡು ಸಾವಿರ ಗಜ ನೂಲು ಕೊಡಬೇಕೆಂಬ ನಿಯಮ ಬಂತು. ಆ ಅಧಿವೇಶನದ ಹೊಣೆ ಹೊತ್ತಿದ್ದ ಗಂಗಾಧರರಾವ್ ದೇಶಪಾಂಡೆಯವರು ಮುಂದೆ ಬೆಳಗಾವಿ ಬಳಿಯ ಹುದಲಿಯಲ್ಲಿ ಖಾದಿ ಕೆಲಸಕ್ಕೆ ನೆಲೆ ಕಟ್ಟಿದರು. 'ಖಾದಿ ಭಗೀರಥ' ಎಂದು ಹೆಸರಾದರು.

ಬಹಿಷ್ಕಾರದ ಪೆಟ್ಟು ತಿಂದವರ ಮುಖವನ್ನೂ ಗಾಂಧೀಜಿ ನೋಡಿ ಬಂದರು. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆಂದು ಇಂಗ್ಲೆಂಡಿಗೆ ಹೋದಾಗ, ಲ್ಯಾಂಕಾಷೈರಿನ ಡಾರ್ವೆನ್ ಪಟ್ಟಣಕ್ಕೆ ಹೋಗಿ ಕೆಲಸ ಕಳೆದುಕೊಂಡಿದ್ದ ಗಿರಣಿ ಕಾರ್ಮಿಕರ ನಡುವೆ ನಿಂತರು. ಕಲ್ಲು ಬೀಳಬಹುದೆಂದುಕೊಂಡವರಿಗೆ ಅಚ್ಚರಿಯಾಗುವಂತೆ ಅಲ್ಲಿನ ಹೆಂಗಸರು ಅವರಿಗೆ ಜಯಕಾರ ಹಾಕಿದರು. ಆ ಚಿತ್ರವನ್ನು ಓದುಗರು ನೋಡಿರಬಹುದು. ಅವರ ಕಷ್ಟಕ್ಕೆ ತಾನು ಮರುಗುತ್ತೇನೆಂದೂ, ಭಾರತದ ಹಳ್ಳಿಯ ಹಸಿವು ಅದಕ್ಕಿಂತ ದೊಡ್ಡದೆಂದೂ ಹೇಳಿದರಲ್ಲದೆ ಬಹಿಷ್ಕಾರದಿಂದ ಯಾರಿಗೂ ನೋವಾಗುವುದಿಲ್ಲ ಎಂದು ತೇಲಿಸಲಿಲ್ಲ. ಇಂದು ಬಹಿಷ್ಕಾರದ ಮಾತಾಡುವವರಲ್ಲಿ ಈ ಪ್ರಾಮಾಣಿಕತೆ ಅಪರೂಪ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು 1935ರ ಇನ್ನೊಂದು ನಿರ್ಧಾರ. ಅಲ್ಲಿಯವರೆಗೆ ಖಾದಿ ಕಾರ್ಯಕರ್ತರೆಲ್ಲ ಬಟ್ಟೆಯನ್ನು ಹೇಗಾದರೂ ಅಗ್ಗ ಮಾಡಲು ಹೆಣಗುತ್ತಿದ್ದರು. ಅಗ್ಗ ಮಾಡುವ ಸುಲಭದ ದಾರಿ ಯಾವುದು? ನೂಲುವವಳ ಕೂಲಿಯನ್ನು ಕೆಳಗಿಡುವುದು. ದೇಶಪ್ರೇಮದ ಬಟ್ಟೆ ಉಟ್ಟವನು ಗಿರಣಿ ಬಟ್ಟೆಯ ಜೊತೆ ಬೆಲೆ ಹೋಲಿಸಿ ಗೊಣಗುತ್ತಿದ್ದ. ಆ ಗೊಣಗಾಟದ ದಂಡವನ್ನು ಹಳ್ಳಿಯ ಹೆಂಗಸು ತೆರುತ್ತಿದ್ದಳು. ಇದು ಸಲ್ಲದು, ಎಂಟು ಗಂಟೆ ನೂತವಳಿಗೆ ಎಂಟಾಣೆಯಾದರೂ ಸಿಗಬೇಕು ಎಂದು ಗಾಂಧೀಜಿ ಪಟ್ಟು ಹಿಡಿದರು. ಅಖಿಲ ಭಾರತ ಚರಕ ಸಂಘ ಅಷ್ಟು ಕೊಡಲಾಗದೆ ಅದಕ್ಕಿಂತ ಕಡಿಮೆ ಮಟ್ಟದಿಂದ ಶುರುಮಾಡಿತು. ಆದರೂ ಖಾದಿಯ ಬೆಲೆ ಏರಿತು. ಮಾರಾಟ ಬಿದ್ದೀತೆಂಬ ಭಯ ಕಾರ್ಯಕರ್ತರಿಗೆ ಇದ್ದೇ ಇತ್ತು, ಗಾಂಧೀಜಿ ಜಗ್ಗಲಿಲ್ಲ. ಸ್ವದೇಶಿ ಬಟ್ಟೆ ದುಬಾರಿಯಾಗಲಿ, ಆ ಹೆಚ್ಚುವರಿ ನೂಲುವವಳ ಸೆರಗಿಗೆ ಸೇರಲಿ ಎಂದು ಲೆಕ್ಕ ಹಾಕಿದ ನಾಯಕ ಇನ್ನೊಬ್ಬ ಇದ್ದಾನೆಯೇ?

ಸ್ವಾತಂತ್ರ್ಯ ಬಂದ ಮೇಲೆ ಬೇಲಿ ಹಾಕುವ ಕಾನೂನು ನಮ್ಮ ಕೈಗೂ ಬಂತು. ಬೇಲಿಯೊಳಗೆ ಒಳ್ಳೆಯ ಬೆಳೆಯೂ ಬಂತು, ಕಳೆಯೂ ಬಂತು. ನಮ್ಮದೇ ಎಚ್‌ಎಂಟಿಯನ್ನು ನೋಡಿ. ಜಪಾನಿನ ಸಿಟಿಜನ್ ಕಂಪನಿಯ ತಂತ್ರಜ್ಞಾನದಿಂದ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ಮಾಡತೊಡಗಿದ ಈ ಕಾರ್ಖಾನೆ ದೇಶದ ಮುಂಗೈಗೆಲ್ಲ ಹೊತ್ತು ತೋರಿಸಿತು. ಮದುವೆ ಗಂಡಿಗೆ 'ಕಾಂಚನ್' ವಾಚು ಕೊಡಿಸಲು ಮಾವಂದಿರು ಕಾದು ನಿಲ್ಲುತ್ತಿದ್ದ ಕಾಲವಿತ್ತು. ಅದನ್ನು ಮಣಿಸಿದ್ದು ಸ್ವಿಸ್ ಅಥವಾ ಚೀನಾ ಗಡಿಯಾರವಲ್ಲ, 1987ರಲ್ಲಿ ಪಕ್ಕದ ಹೊಸೂರಿನಿಂದ ಕ್ವಾರ್ಟ್ಜ್ ವಾಚುಗಳೊಂದಿಗೆ ಬಂದ ಟೈಟನ್. ಕೀ ಕೊಡುವ ಗಡಿಯಾರವನ್ನೇ ಹೆಚ್ಚಾಗಿ ನೆಚ್ಚಿದ್ದ ಎಚ್‌ಎಂಟಿಯ ವಾಚು ಘಟಕವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಕಾಯುವ ಗಿರಾಕಿ ಇದ್ದೇ ಇರುತ್ತಾನೆ ಎಂದುಕೊಂಡವರಿಗೆ ಸ್ವದೇಶಿಯೇ ಸ್ವದೇಶಿಗೆ ಮುಳುವಾಯಿತು.

1991ರ ನಂತರ 'ಎಲ್ಲಿಯದು' ಎಂಬ ಪ್ರಶ್ನೆಗೆ ಉತ್ತರವೇ ಮಸುಕಾಯಿತು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಣೆಯಾಗುತ್ತದೆ. ವಿನ್ಯಾಸ ಅಮೆರಿಕದ್ದು, ಬಿಡಿಭಾಗ ಹತ್ತಾರು ದೇಶದ್ದು, ತಿರುಪು ಬಿಗಿಯುವ ಬೆರಳು ನಮ್ಮ ಹುಡುಗ ಹುಡುಗಿಯರದು. 2020ರ ಡಿಸೆಂಬರಿನಲ್ಲಿ, ಅದು ತೈವಾನ್ ಮೂಲದ ಕಂಪನಿಯ ಕೈಯಲ್ಲಿದ್ದಾಗ, ಸಂಬಳದ ವಿಚಾರಕ್ಕೆ ಕಾರ್ಮಿಕರು ರೊಚ್ಚಿಗೆದ್ದು ಕಾರ್ಖಾನೆಯಲ್ಲಿ ದಾಂಧಲೆಯಾಯಿತು. 2023ರಲ್ಲಿ ಅದನ್ನು ಟಾಟಾ ಸಮೂಹ ಕೊಂಡಿತು. ಇವೆರಡು ಸುದ್ದಿಗಳೂ ಫೋನಿನ ಪೆಟ್ಟಿಗೆಯ ಮೇಲೆ ಇರುವುದಿಲ್ಲ. ಇದು ಸ್ವದೇಶಿಯೇ, ವಿದೇಶಿಯೇ ಎಂದು ಅಂಗಡಿಯಲ್ಲಿ ನಿಂತು ತಲೆ ಕೆಡಿಸಿಕೊಳ್ಳುವವರನ್ನು ಕಂಡರೆ ನನಗೆ ಕನಿಕರವಾಗುತ್ತದೆ.

ಬೆಂಗೇರಿಯ ಬಾವುಟ

ಆದರೆ ಎಲ್ಲ ವಸ್ತುವೂ ಹಾಗಿಲ್ಲ. ಕೆಲವದರ ಎಳೆ ಹಿಡಿದು ಹೊರಟರೆ ಮಾಡಿದವರ ಮನೆಯ ಬಾಗಿಲಿಗೇ ಮುಟ್ಟಬಹುದು. ಬಾವುಟ ಅಂಥದ್ದು.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ಹುಟ್ಟಿದ್ದು 1957ರಲ್ಲಿ. ಕಳೆದ ಎರಡು ದಶಕಗಳಿಂದ ಮಾನಕ ಸಂಸ್ಥೆಯ ಮುದ್ರೆ ಪಡೆದ ರಾಷ್ಟ್ರಧ್ವಜ ಇಲ್ಲಿಂದ ದೇಶಕ್ಕೆಲ್ಲ ಹೋಗುತ್ತದೆ. ಬಾಗಲಕೋಟೆ ಬಳಿಯ ತುಳಸಿಗೇರಿ, ಧಾರವಾಡ ತಾಲ್ಲೂಕಿನ ಗರಗದಂಥ ಊರುಗಳಲ್ಲಿ ಬಾವುಟದ ನೂಲು, ಬಟ್ಟೆ ತಯಾರಾಗುತ್ತವೆ. ನೂಲುವುದು, ನೇಯುವುದು, ಬಣ್ಣ ಕಟ್ಟುವುದು, ಚಕ್ರ ಅಚ್ಚು ಹಾಕುವುದು, ಹೊಲಿಯುವುದು, ಹಗ್ಗ ಕಟ್ಟುವುದು, ಹೀಗೆ ಹಲವು ಕೈ ದಾಟಬೇಕು. ಅವುಗಳಲ್ಲಿ ಹೆಚ್ಚಿನವು ಹೆಂಗಸರ ಕೈಗಳು.

ಇದರ ಕಟ್ಟುನಿಟ್ಟು ಕೇಳಿದರೆ ಬೆರಗಾಗುತ್ತದೆ. ಸ್ವತಂತ್ರ ಭಾರತದ ಮಾನಕ ಸಂಸ್ಥೆ ರೂಪಿಸಿದ ಮಾನಕಗಳಲ್ಲಿ ಒಂದನೇ ಸಂಖ್ಯೆಯದು ಸಿಮೆಂಟಿನದಲ್ಲ, ಉಕ್ಕಿನದಲ್ಲ, ರಾಷ್ಟ್ರಧ್ವಜದ್ದು. ಅದು 1951ರಲ್ಲಿ ಬಂತು. ಒಂಬತ್ತು ಅಳತೆಗಳಿವೆ. ಅತಿ ದೊಡ್ಡದು 6300 ಮಿಲಿಮೀಟರ್ ಉದ್ದ, 4200 ಅಗಲ. ಅತಿ ಚಿಕ್ಕದು 150ಕ್ಕೆ 100. ಉದ್ದಗಲ ಯಾವಾಗಲೂ ಮೂರಕ್ಕೆ ಎರಡರ ಲೆಕ್ಕ. ಹಾರುವ ಭಾಗಕ್ಕೆ ಒಂದು ಬಗೆಯ ಖಾದಿ, ಕಂಬದ ಕಡೆಯ ಪಟ್ಟಿಗೆ ಇನ್ನೊಂದು ಬಗೆಯ ದಪ್ಪ ಖಾದಿ. ಎಳೆಗಳ ಎಣಿಕೆ, ಬಣ್ಣದ ಛಾಯೆ, ಹೊಲಿಗೆ ಎಲ್ಲದಕ್ಕೂ ಲೆಕ್ಕವಿದೆ. ಚಕ್ರದ 24 ಗೆರೆಗಳು ಬಟ್ಟೆಯ ಎರಡೂ ಬದಿಯಲ್ಲಿ ಒಂದರ ಮೇಲೊಂದು ಸರಿಯಾಗಿ ಕೂರಬೇಕು.

2002ರ ಧ್ವಜ ಸಂಹಿತೆಯ ಪ್ರಕಾರ ಬಾವುಟ ಕೈಯಿಂದ ನೂತು ಕೈಯಿಂದ ನೇಯ್ದ ಬಟ್ಟೆಯದೇ ಆಗಿರಬೇಕಿತ್ತು. 2021ರ ಡಿಸೆಂಬರ್ 30ರಂದು ಕೇಂದ್ರ ಸರ್ಕಾರ ಇದಕ್ಕೆ ತಿದ್ದುಪಡಿ ತಂದು, ಯಂತ್ರದಲ್ಲಿ ಮಾಡಿದ ಬಟ್ಟೆಗೂ ಪಾಲಿಯೆಸ್ಟರಿಗೂ ಅವಕಾಶ ಕೊಟ್ಟಿತು. ಮುಂದಿನ ಆಗಸ್ಟಿನಲ್ಲಿ 'ಹರ್ ಘರ್ ತಿರಂಗಾ' ಅಭಿಯಾನ ಬಂತು. ಸೂರತ್ತಿನ ಗಿರಣಿಗಳು ಹಗಲೂ ರಾತ್ರಿ ಓಡಿದವು. ಅಂಚೆ ಕಚೇರಿಯಲ್ಲಿ 25 ರೂಪಾಯಿಗೆ ಬಾವುಟ ಸಿಕ್ಕಿತು. ಆ ವರ್ಷ ಬೆಂಗೇರಿಯವರು ತಿದ್ದುಪಡಿಯನ್ನು ವಿರೋಧಿಸಿ ಪ್ರತಿಭಟನೆಗೆ ಇಳಿದರು.

ಸರ್ಕಾರದ ಕಡೆಯ ಮಾತಿನಲ್ಲಿ ಹುರುಳಿಲ್ಲದಿಲ್ಲ. 20 ಕೋಟಿ ಮನೆಗಳ ಮೇಲೆ ಬಾವುಟ ಹಾರಬೇಕೆಂದರೆ ಕೈಮಗ್ಗ ಅಷ್ಟನ್ನು ಕೊಡಲಾರದು. ದಿನಗೂಲಿಯವನು ಅಷ್ಟು ಹಣ ಕೊಡಲೂ ಆರ. ನಿಖಿಲ್ ಸಂತೆಯಲ್ಲಿ ಹೇಳಿದ್ದೂ ಇದನ್ನೇ. ಹದಿನೈದು ರೂಪಾಯಿಯ ಬಾವುಟ ಕೊಂಡವನ ದೇಶಪ್ರೇಮ ಕಡಿಮೆಯದು ಎನ್ನುವ ಧೈರ್ಯ ನನಗಿಲ್ಲ, ನಾನೇ ಕೊಂಡಿದ್ದೇನೆ.

ಆದರೆ ಅಜ್ಜಿಯ ಪ್ರಶ್ನೆ ಇಲ್ಲಿಗೇ ಬಂದು ನಿಲ್ಲುತ್ತದೆ. ಸೂರತ್ತಿನ ಬಾವುಟವೂ ಬೆಂಗೇರಿಯ ಬಾವುಟವೂ ಎರಡೂ ಭಾರತದಲ್ಲೇ ಮಾಡಿದವು. ದೇಶದ ಹೆಸರಷ್ಟನ್ನೇ ನೋಡಿದರೆ ಇವೆರಡರ ನಡುವೆ ವ್ಯತ್ಯಾಸವೇ ಕಾಣದು. ಹೆಚ್ಚು ಕೊಟ್ಟ ಹಣ ಯಾರ ಸೆರಗಿಗೆ ಸೇರುತ್ತದೆ ಎಂದು ಕೇಳಿದರೆ ಕಾಣುತ್ತದೆ. ಇಳಕಲ್ಲಿನ ಸೀರೆ, ಚನ್ನಪಟ್ಟಣದ ಗೊಂಬೆ, ಗರಗದ ನೂಲು ಇವುಗಳಲ್ಲಿ ಉತ್ತರ ಹುಡುಕಬಹುದು. ಕೈಲಾದವರು ಅಲ್ಲಿ ನಾಲ್ಕು ಕಾಸು ಹೆಚ್ಚು ಕೊಡಲೇಬೇಕೆಂದು ನನಗನ್ನಿಸುತ್ತದೆ. ಹೆಗ್ಗೋಡಿನ ಪ್ರಸನ್ನ ಅವರು 2015ರಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನ ಹಳೆಯ ಖಾದಿ ಕೇಂದ್ರದಲ್ಲಿ ಸತ್ಯಾಗ್ರಹ ಕೂತಾಗ, 2017ರಲ್ಲಿ ಕೈ ಉತ್ಪನ್ನಗಳಿಗೆ ತೆರಿಗೆ ಬೇಡವೆಂದು ಚಳವಳಿ ಹೂಡಿದಾಗ ಎತ್ತಿದ್ದೂ ಈ ಕೈಯ ಪ್ರಶ್ನೆಯನ್ನೇ. ಅವರೇ ಕಟ್ಟಿದ 'ಚರಕ' ಸಂಸ್ಥೆ 2020ರಲ್ಲಿ ಕೈ ಸೋತು ನಿಂತಾಗ, ಗಿರಾಕಿಯ ಅಭಿಮಾನವೊಂದೇ ಸಾಲದು ಎಂಬುದೂ ಗೊತ್ತಾಯಿತು. ಟ್ಯೂಬ್‌ಲೈಟು, ಮೊಬೈಲು, ಮಿಕ್ಸಿಯ ವಿಷಯದಲ್ಲಿ ಬಾಳಿಕೆಯನ್ನೂ ಬೆಲೆಯನ್ನೂ ನೋಡಿ ಕೊಂಡರೆ ಪಾಪವೇನಿಲ್ಲ. ಅಲ್ಲಿ ಬೇಲಿ ಬೇಕೇ ಬೇಡವೇ ಎಂಬುದು ಸರ್ಕಾರದ ಕೆಲಸ. ಈಗ ಅದು ನಮ್ಮದೇ ಸರ್ಕಾರ.

ಈ ಬರಹಕ್ಕಾಗಿ ಮೊನ್ನೆ ನಗರದ ಖಾದಿ ಭಂಡಾರಕ್ಕೆ ಹೋಗಿದ್ದೆ. ಬಾವುಟ ಎಂದಾಗ ಅಲ್ಲಿದ್ದ ಹಿರಿಯರು ಬೀರುವಿನ ಮೇಲಿನ ಕಟ್ಟು ತೋರಿಸಿ, 'ದೊಡ್ಡವು ಇವೆ, ಕಚೇರಿಗಳಿಗೆ ತರಿಸಿದ್ದು. ಮನೆಗೆ ಅಂತ ಕೇಳೋರು ಈಗ ಕಮ್ಮಿ' ಎಂದರು. ಹುಡುಕಿದಾಗ ಮೇಜಿನ ಮೇಲಿಡುವ ಚಿಕ್ಕದೊಂದು ಸಿಕ್ಕಿತು. ಬೆಲೆ ಕೇಳಿ ಚೌಕಾಸಿಗೆ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಮನೆಯಲ್ಲಿ ಅಜ್ಜಿ ಅದನ್ನು ಬೆಳಕಿಗೆ ಹಿಡಿದು, ಎಳೆ ನೋಡಿ, 'ನೂಲು ಸಮವಾಗಿ ತೆಗೆದಿದ್ದಾಳೆ' ಎಂದರು.