ಬ್ಯಾಂಕ್ ಹರಾಜಿನ ಮನೆ ಅರ್ಧ ಬೆಲೆಗೆ ಸಿಗುತ್ತದೆಯೇ? ದುಡ್ಡು ಕಟ್ಟುವ ಮುನ್ನ ಇದನ್ನು ಓದಿ

"ಸಾಲ ಕಟ್ಟದವರ ಮನೆ, ಬ್ಯಾಂಕ್ ಅರ್ಧ ರೇಟಿಗೆ ಕೊಡುತ್ತಿದೆ, ಇವತ್ತೇ ಟೋಕನ್ ಹಾಕಿ ಬುಕ್ ಮಾಡಿ." ಇಂಥ ಮೆಸೇಜ್ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಮನೆ ಗುಂಡ್ಲುಪೇಟೆಯಲ್ಲಿರಲಿ, ಚಂದಕವಾಡಿಯಲ್ಲಿರಲಿ, ಬ್ಯಾಂಕ್ ಅದನ್ನು ಹರಾಜು ಹಾಕುವುದು ಸಾಮಾನ್ಯವಾಗಿ 2002ರ ಸರ್ಫೇಸಿ ಕಾಯ್ದೆಯಡಿ. ಅದರಲ್ಲಿ ಟೋಕನ್ ಬುಕಿಂಗ್ ಎಂಬುದೇ ಇಲ್ಲ.

ಸಾಲ ಸುಸ್ತಿಯಾದ ಮೇಲೆ ಬ್ಯಾಂಕ್ ಮೊದಲು 60 ದಿನಗಳ ನೋಟಿಸ್ ಕೊಡಬೇಕು. ಆಮೇಲೆ ಸ್ವಾಧೀನ, ಮೌಲ್ಯಮಾಪಕರ ವರದಿ, ಮೀಸಲು ಬೆಲೆ, ಹರಾಜು ಪ್ರಕಟಣೆ. ಫಾರ್ವರ್ಡ್‌ಗಳಲ್ಲಿ ಕಾಣುವ ಕಡಿಮೆ ಬೆಲೆ ಹೆಚ್ಚಾಗಿ ಈ ಮೀಸಲು ಬೆಲೆಯೇ. ಕೂಗು ಅಲ್ಲಿಂದ ಮೇಲಕ್ಕೆ ಹೋಗುತ್ತದೆ.

ದುಡ್ಡು ಎಷ್ಟು ಬೇಗ ಬೇಕು?

ಮೀಸಲು ಬೆಲೆ 20 ಲಕ್ಷ ಎಂದುಕೊಳ್ಳಿ. ಸಾಮಾನ್ಯವಾಗಿ ಅದರ ಶೇ 10, ಅಂದರೆ 2 ಲಕ್ಷ, ಮುಂಗಡ ಠೇವಣಿ. ನಿಮ್ಮ ಬಿಡ್ 22 ಲಕ್ಷಕ್ಕೆ ನಿಂತರೆ ಠೇವಣಿಯೂ ಸೇರಿ ಶೇ 25, ಅಂದರೆ 5.5 ಲಕ್ಷ, ಆ ದಿನವೇ ಅಥವಾ ಹೆಚ್ಚೆಂದರೆ ಮುಂದಿನ ಕೆಲಸದ ದಿನದೊಳಗೆ ಕಟ್ಟಬೇಕು. ಉಳಿದ 16.5 ಲಕ್ಷಕ್ಕೆ ಮಾರಾಟ ಖಾತ್ರಿಯಾದ ಮೇಲೆ 15 ದಿನ. ಬ್ಯಾಂಕ್ ಲಿಖಿತವಾಗಿ ಒಪ್ಪಿದರೆ ಗಡುವು ಮುಂದೆ ಹೋಗಬಹುದು, ಆದರೆ ಮೂರು ತಿಂಗಳು ಮೀರುವಂತಿಲ್ಲ. ಸೋತವರ ಠೇವಣಿ ವಾಪಸ್ ಬರುತ್ತದೆ. ಗೆದ್ದು ಬಾಕಿ ಕಟ್ಟದಿದ್ದರೆ ಆ 5.5 ಲಕ್ಷ ಮುಟ್ಟುಗೋಲು. ಇಂಥ ಮುಟ್ಟುಗೋಲನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿಯಲ್ಲಿ ಎತ್ತಿಹಿಡಿದಿದೆ. ಗೆದ್ದ ಮೇಲೆ ಹೋಮ್ ಲೋನ್ ಕೇಳೋಣ ಎನ್ನುವವರು ಸಿಕ್ಕಿಬೀಳುವುದು ಇಲ್ಲೇ.

ಹಾಗಾದರೆ ಬೆಲೆ ಯಾಕೆ ಕಡಿಮೆ?

ಪ್ರಕಟಣೆಯಲ್ಲಿ "ಸಾಂಕೇತಿಕ ಸ್ವಾಧೀನ" ಎಂದಿದ್ದರೆ ಬ್ಯಾಂಕಿಗೆ ಮನೆ ಬಂದಿರುವುದು ಕಾಗದದ ಮೇಲೆ ಮಾತ್ರ. ಒಳಗೆ ಹಳೆಯ ಮಾಲೀಕರು ಅಥವಾ ಬಾಡಿಗೆದಾರರು ಇನ್ನೂ ಇರಬಹುದು. ಸಾಲಗಾರರು ಸಾಲ ವಸೂಲಿ ನ್ಯಾಯಮಂಡಳಿಗೂ ಹೋಗಬಹುದು, ಆಗ ನಿಮ್ಮ ಹಣ ಸಿಕ್ಕಿಕೊಳ್ಳುತ್ತದೆ. ಮಾರಾಟವೂ "ಇದ್ದಲ್ಲಿ, ಇದ್ದ ಹಾಗೆ" ಎಂಬ ಷರತ್ತಿನದು. ನಿಯಮದಲ್ಲಿ ಅವಕಾಶವಿದ್ದರೆ ಹಳೆಯ ಮಾಲೀಕರ ಕರೆಂಟ್ ಬಾಕಿಯನ್ನೂ ಹರಾಜಿನಲ್ಲಿ ಕೊಂಡವರಿಂದ ವಸೂಲಿ ಮಾಡಬಹುದು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಬಿಡ್‌ಗೆ ಮೊದಲೇ ಕಾವೇರಿ ತಂತ್ರಾಂಶದಲ್ಲಿ ಇಸಿ ತೆಗೆಸಿ, ಗ್ರಾಮ ಪಂಚಾಯಿತಿ ಆಸ್ತಿಯಾದರೆ ಇ-ಸ್ವತ್ತು ನೋಡಿ, ಮನೆಯ ಬಾಗಿಲಿಗೇ ಹೋಗಿ ಯಾರಿದ್ದಾರೆಂದು ವಿಚಾರಿಸಿ.

ಇನ್ನೊಂದು ಮಾತು: ಕೃಷಿ ಜಮೀನು ಈ ಕಾಯ್ದೆಯ ವ್ಯಾಪ್ತಿಗೇ ಬರುವುದಿಲ್ಲ. ಚಂದಕವಾಡಿ ಹೋಬಳಿಯ ಬೇಸಾಯದ ಹೊಲ "ಸರ್ಫೇಸಿ ಹರಾಜಿನಲ್ಲಿದೆ" ಎಂದು ಮೆಸೇಜ್ ಬಂದರೆ ಮೊದಲು ಪಹಣಿ, ಭೂ ಪರಿವರ್ತನೆ ಆದೇಶ ಕೇಳಿ.

ಮಾಲೀಕರೇ ಮಾರುತ್ತೇವೆ ಎಂದರೆ?

ಸಾಲದ ಬಾಕಿಗಿಂತ ಕಡಿಮೆ ಬೆಲೆಗೆ, ಬ್ಯಾಂಕಿನ ಒಪ್ಪಿಗೆಯೊಂದಿಗೆ ಮನೆ ಮಾರುವುದನ್ನು ಅಮೆರಿಕದಲ್ಲಿ ಶಾರ್ಟ್ ಸೇಲ್ ಎನ್ನುತ್ತಾರೆ. ನಮ್ಮಲ್ಲಿ ಆ ಹೆಸರಿಲ್ಲ, ಆದರೆ ಬ್ಯಾಂಕ್ ಒಪ್ಪಿದರೆ ಒಂದೇ ಬಾರಿಯ ಇತ್ಯರ್ಥದಲ್ಲಿ ಹೀಗೆ ಮಾಡಬಹುದು. ಹರಾಜಿಗಿಂತ ಇದು ಮಾಲೀಕರಿಗೂ ಮರ್ಯಾದೆಯ ದಾರಿ. ಆದರೆ 60 ದಿನಗಳ ನೋಟಿಸ್ ತಲುಪಿದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಅವರು ಮಾರುವಂತಿಲ್ಲ. "ಅಗ್ರಿಮೆಂಟ್ ಮಾಡ್ಕೊಳ್ಳಿ, ಬ್ಯಾಂಕ್ ವಿಷಯ ನಾವು ನೋಡ್ಕೋತೀವಿ" ಎಂಬ ಮಾತಿಗೆ ಅಡ್ವಾನ್ಸ್ ಕೊಡಬೇಡಿ. ಮೊದಲು ಶಾಖೆಗೆ ಮಾಲೀಕರ ಜೊತೆಯಲ್ಲೇ ಹೋಗಿ, ಎಷ್ಟಕ್ಕೆ ಸಾಲ ತೀರುತ್ತದೆ ಎಂಬ ಪತ್ರ ಪಡೆಯಿರಿ. ಹಣವನ್ನು ಮಾಲೀಕರ ಕೈಗಲ್ಲ, ನೇರ ಸಾಲದ ಖಾತೆಗೆ ಹಾಕಿ. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ದಾಖಲೆ ಹಿಂತಿರುಗಿಸಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಬ್ಯಾಂಕಿನ ಕಡೆಯಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಸಾಲಗಾರರಿಗೆ ಸಲ್ಲುತ್ತದೆ.