ಕೊಟ್ಟಿಗೆಯ ಪಕ್ಕದಲ್ಲೊಂದು ಏರುಮಡಿ ಕೈತೋಟ



ಮೇ ತಿಂಗಳಲ್ಲಿ ಹಸು ನೋಡಲು ಮನೆಗೆ ಬಂದಾಗ, ಸೂಜಿ ಹಾಕಿ ಕೈ ತೊಳೆಯುವ ಹೊತ್ತಿಗೆ ಮನೆಯ ಅಕ್ಕಂದಿರು ಕೇಳುವ ಪ್ರಶ್ನೆ ಒಂದಿದೆ: "ಡಾಕ್ಟ್ರೇ, ಈ ಮಳೆಗಾಲಕ್ಕೆ ಹಿತ್ತಲಲ್ಲಿ ಒಂದಿಷ್ಟು ತರಕಾರಿ ಮಾಡ್ವ ಅಂತಿದ್ದೆ. ಸಗಣಿ ಹಂಗೇ ಹಾಕ್ಲಕ್ಕಾ?"

ಹಾಗೇ ಹಾಕಬೇಡಿ ಎಂಬುದು ನನ್ನ ಉತ್ತರ. ಆದರೆ ಕೈತೋಟವನ್ನು ಖಂಡಿತ ಮಾಡಿ. ಹಸು ಇರುವ ಮನೆಗೆ ಗೊಬ್ಬರ ಕೊಳ್ಳುವ ಖರ್ಚಿಲ್ಲ, ತೋಟದ ಸೊಪ್ಪುಸದೆ ಹಸುವಿಗೂ ಆಗುತ್ತದೆ. ಕೊಟ್ಟಿಗೆಯದ್ದು ತೋಟಕ್ಕೆ, ತೋಟದ್ದು ಕೊಟ್ಟಿಗೆಗೆ ಹೋಗುವ ಈ ದಾರಿಯಲ್ಲಿ ಎಲ್ಲಿ ಎಚ್ಚರ ಬೇಕು ಎಂದು ಹೇಳಲು ಈ ಲೇಖನ.

ಏರುಮಡಿಯೇ ಏಕೆ?

ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೇ ಸುರಿಯುತ್ತದೆ. ಸಮತಟ್ಟಾದ ನೆಲದಲ್ಲಿ ಬೀಜ ಹಾಕಿದರೆ ನೀರು ನಿಂತು ಬೇರು ಕೊಳೆಯುತ್ತದೆ, ಹಾಕಿದ ಗೊಬ್ಬರ ತೊಳೆದು ಹೋಗುತ್ತದೆ. ಮಣ್ಣನ್ನು ಒಂದು ಅಡಿ ಎತ್ತರಿಸಿ ಮಡಿ ಮಾಡಿದರೆ ಬೇರಿಗೆ ಗಾಳಿ ಸಿಗುತ್ತದೆ, ನೀರು ಬದಿಯ ಕಾಲುವೆಯಲ್ಲಿ ಇಳಿದು ಹೋಗುತ್ತದೆ.

ಮಡಿ ಕಟ್ಟುವುದು

ದಿನಕ್ಕೆ ಐದಾರು ತಾಸು ಬಿಸಿಲು ಬೀಳುವ ಜಾಗ ನೋಡಿ. ದಟ್ಟ ತೆಂಗಿನ ನೆರಳಿನಲ್ಲಿ ಬೆಂಡೆ, ಹೀರೆ ಬರುವುದಿಲ್ಲ. ಮೊದಲ ವರ್ಷ ಎರಡೇ ಮಡಿ ಸಾಕು. ಅಗಲ 4 ಅಡಿ ಮೀರದಿರಲಿ. ಎರಡೂ ಬದಿಯಿಂದ ಕೈ ಎಟುಕಿದರೆ ಮಡಿಯ ಮೇಲೆ ಕಾಲಿಡುವ ಪ್ರಸಂಗ ಬರುವುದಿಲ್ಲ. ಉದ್ದ 10 ಅಡಿ, ನಡುವೆ ಓಡಾಡಲು ಒಂದೂವರೆ ಅಡಿ. ಅಂಚಿಗೆ ಒಡೆದ ಚಿರೆಕಲ್ಲು, ಅಡಿಕೆ ದಬ್ಬೆ ಅಥವಾ ತೆಂಗಿನ ಸಿಪ್ಪೆ ಸಾಕು.

ಗುಡ್ಡದ ಬದಿಯ ಜಂಬಿಟ್ಟಿಗೆ ಮಣ್ಣು ಸಾಮಾನ್ಯವಾಗಿ ಹುಳಿ ಮಣ್ಣು. ಇಷ್ಟು ದೊಡ್ಡ ಮಡಿಗೆ ಅರ್ಧ ಕೆ.ಜಿ. ಸುಣ್ಣದ ಪುಡಿ ಬೆರೆಸಿ. ಚಿಪ್ಪಿನ ಸುಣ್ಣವೂ ಆಗುತ್ತದೆ. ಆದರೆ ಸುಣ್ಣ ಮತ್ತು ಗೊಬ್ಬರವನ್ನು ಒಂದೇ ದಿನ ಹಾಕಬೇಡಿ, ಗೊಬ್ಬರದ ಸತ್ವ ಗಾಳಿಗೆ ಹೋಗುತ್ತದೆ. ಎರಡು ವಾರದ ಅಂತರವಿರಲಿ. ಕಡಲ ಬದಿಯವರ ಮರಳು ಮಣ್ಣಿಗೆ ಗೊಬ್ಬರ ಸ್ವಲ್ಪ ಹೆಚ್ಚು ಬೇಕು. ಗಜನಿಯ ಮಣ್ಣು ಮಾತ್ರ ಬೇಡ, ಅದರಲ್ಲಿ ಉಪ್ಪಿರುತ್ತದೆ.

ಸಗಣಿ ಗೊಬ್ಬರವಾಗಬೇಕು

ಒಂದು ಮಿಶ್ರತಳಿ ಹಸು ದಿನಕ್ಕೆ 15 ಕೆ.ಜಿ. ಆಸುಪಾಸು ಸಗಣಿ ಹಾಕುತ್ತದೆ. ಒಂದು ತಿಂಗಳ ಸಗಣಿ ದರಕಿನ ಜೊತೆ ಕೊಳೆತು ಇಳಿದರೆ ಮೇಲೆ ಹೇಳಿದ ಅಳತೆಯ ಒಂದು ಹೊಸ ಮಡಿಗೆ ಸಾಕಾಗುತ್ತದೆ. ಮೂರು ಪಾಲು ಮಣ್ಣಿಗೆ ಒಂದು ಪಾಲು ಗೊಬ್ಬರ ಎಂಬ ಲೆಕ್ಕ ಇಟ್ಟುಕೊಳ್ಳಿ.

ಹಸಿ ಸಗಣಿ ಎಳೆಯ ಬೇರನ್ನು ಸುಡುತ್ತದೆ. ಅದರಲ್ಲಿ ಕಳೆ ಬೀಜ, ಜಂತಿನ ಮೊಟ್ಟೆ, ಭೇದಿ ತರಿಸುವ ರೋಗಾಣು ಇರುತ್ತವೆ. ಕನಿಷ್ಠ ನಾಲ್ಕು ತಿಂಗಳು ಕೊಳೆಯಬೇಕು, ನಡುವೆ ಒಮ್ಮೆಯಾದರೂ ತಿರುವಿ ಹಾಕಬೇಕು. ರಾಶಿಯ ಒಳಗೆ ಏರುವ ಕಾವಿಗೆ ಇವುಗಳಲ್ಲಿ ಹೆಚ್ಚಿನವು ಸಾಯುತ್ತವೆ. ಈಗ ಮಡಿಗೆ ಹಾಕುವುದಾದರೆ ಜನವರಿಗೂ ಮೊದಲಿನ ಗೊಬ್ಬರ ತೆಗೆಯಿರಿ. ಕಪ್ಪಾಗಿ, ಪುಡಿಯಾಗಿ, ಸಗಣಿಯ ವಾಸನೆ ಹೋಗಿದ್ದರೆ ಅದು ತಯಾರು. ಉಳಿದದ್ದರ ಮೇಲೆ ಮಳೆಗೆ ಮುಂಚೆ ಮಾಡು ಹಾಕಿ; ಬಯಲಲ್ಲಿದ್ದರೆ ಸತ್ವವೆಲ್ಲ ಹಳ್ಳದ ಪಾಲು.

ಕಂದು ಹಾಕಿದ ಹಸುವಿನ ಸತ್ತ ಕರು, ಮಾಸು ಎಂದಿಗೂ ಗೊಬ್ಬರಗುಂಡಿಗೆ ಬೀಳಬಾರದು. ಕಂದು ರೋಗ ಮನುಷ್ಯರಿಗೂ ಅಂಟುತ್ತದೆ. ಬರಿಗೈಯಲ್ಲಿ ಮುಟ್ಟದೆ, ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಮಳೆಗಾಲದಲ್ಲಿ ಮಡಿ ಕೆಲಸಕ್ಕೆ ಬೂಟು, ಕೈಗವಸು ಹಾಕಿ. ಇಲಿಜ್ವರದ ರೋಗಾಣು ಕೆಸರು ನೀರಿನಿಂದ ಕೈಕಾಲಿನ ಗಾಯದ ಮೂಲಕ ಒಳಸೇರುತ್ತದೆ.

ಏನು ಬೆಳೆಯಬಹುದು?

ಮೊದಲ ಮಳೆ ಬಿದ್ದ ಕೂಡಲೇ ಬೆಂಡೆ, ಹೀರೆ, ಹಾಗಲ, ಪಡುವಲ, ಸೌತೆ. ಬಳ್ಳಿಗಳಿಗೆ ಚಪ್ಪರ ಮಾಡಿ. ಚಪ್ಪರದ ಕಂಬದ ಬದಲು ನುಗ್ಗೆ ಗೂಟ ನೆಟ್ಟರೆ ಸೊಪ್ಪು ಮನೆಗೂ ಹಸುವಿಗೂ ಆಗುತ್ತದೆ. ಮಳೆ ಇಳಿದ ಮೇಲೆ ಅದೇ ಮಡಿಯಲ್ಲಿ ಹರಿವೆ, ಮೂಲಂಗಿ, ಬದನೆ, ಮೆಣಸು. ಕುಮಟಾದ ಅಳ್ವೇಕೋಡಿ ಕಡೆ ಭತ್ತ ಕೊಯ್ದ ಗದ್ದೆಯಲ್ಲಿ ಬೆಳೆಯುವ ಸಿಹಿ ಈರುಳ್ಳಿ ಊರಿಗೆಲ್ಲ ಗೊತ್ತು. ಸಸಿ ಸಿಕ್ಕರೆ ಒಂದು ಮಡಿಯಲ್ಲಿ ನೆಟ್ಟು ನೋಡಿ.

ದನ ನುಗ್ಗದಂತೆ ಹಳೆಯ ಮೀನಿನ ಬಲೆ ಕಟ್ಟುವುದು ನಮ್ಮಲ್ಲಿ ರೂಢಿ. ತಪ್ಪಿಲ್ಲ. ಆದರೆ ತುಂಡಾದ ಬಲೆ, ಬೀಜದ ಪ್ಲಾಸ್ಟಿಕ್ ಕೊಟ್ಟೆ, ತಂತಿಯ ಚೂರು ಹುಲ್ಲಿನ ಜೊತೆ ಹಸುವಿನ ಹೊಟ್ಟೆ ಸೇರದಿರಲಿ. ನುಂಗಿದ ತಂತಿ ಹೊಟ್ಟೆಯಿಂದ ಹೃದಯದವರೆಗೆ ಚುಚ್ಚಬಲ್ಲದು.

ಔಷಧಿ ಹೊಡೆದ ಸೊಪ್ಪು

ಕೆಲವು ವರ್ಷಗಳ ಹಿಂದೆ, ಆಗಸ್ಟ್‌ನ ಒಂದು ಸಂಜೆ ಹೊನ್ನಾವರದ ಕಡೆಯ ಮನೆಯೊಂದರಿಂದ ಕರೆ ಬಂತು. ಹೋಗಿ ನೋಡಿದರೆ ಹಸು ಬಾಯಲ್ಲಿ ನೊರೆ ಸುರಿಸುತ್ತಾ ಮೈ ನಡುಗಿಸುತ್ತಿತ್ತು. ಕಣ್ಣಿನ ಪಾಪೆ ಕಿರಿದಾಗಿತ್ತು. ಏನು ಹಾಕಿದ್ದಿರಿ ಎಂದು ಕೇಳಿದರೆ, "ಹುಲ್ಲೇ, ಮತ್ತೇನಿಲ್ಲ" ಅಂದರು. ಗೋದಲಿಯಲ್ಲಿ ಅಲಸಂದೆ ಬಳ್ಳಿಯ ತುಂಡುಗಳಿದ್ದವು. ಹೇನು ಬಿತ್ತೆಂದು ಮಗ ಎರಡು ದಿನ ಮೊದಲು ಅದಕ್ಕೆ ಕೀಟನಾಶಕ ಹೊಡೆದಿದ್ದ. ಅಮ್ಮನಿಗೆ ಗೊತ್ತಿರಲಿಲ್ಲ. ಬಳ್ಳಿ ಕಿತ್ತು ಹಸುವಿಗೆ ಹಾಕಿದ್ದರು.

ಬಾಟಲಿ ಮನೆಯಲ್ಲೇ ಇದ್ದುದರಿಂದ ಯಾವ ವಿಷವೆಂದು ತಕ್ಷಣ ತಿಳಿಯಿತು. ರಾತ್ರಿಯಿಡೀ ಮತ್ತೆ ಮತ್ತೆ ಅಟ್ರೋಪಿನ್ ಕೊಟ್ಟು ಹಸು ಉಳಿಯಿತು. ಮತ್ತೊಂದು ಗಂಟೆ ತಡವಾಗಿದ್ದರೆ ಉಳಿಯುತ್ತಿತ್ತೆಂದು ಹೇಳಲಾರೆ. ಮರುದಿನ ಆ ಅಮ್ಮ ಮೆಲ್ಲನೆ ಕೇಳಿದರು: "ನಿನ್ನೆ ನಾವೂ ಅದೇ ಅಲಸಂದೆ ಪಲ್ಯ ಮಾಡಿದ್ವಲ್ಲ?" ಅವರ ಅದೃಷ್ಟಕ್ಕೆ ಯಾರಿಗೂ ಏನೂ ಆಗಲಿಲ್ಲ.

ಆದ್ದರಿಂದ ಮನೆಯ ಮಡಿಗೆ ರಾಸಾಯನಿಕ ಕೀಟನಾಶಕ ಬೇಡವೇ ಬೇಡ. ಎರಡು ಮಡಿಯ ಹುಳವನ್ನು ಬೆಳಿಗ್ಗೆ ಕೈಯಲ್ಲೇ ಹೆಕ್ಕಬಹುದು. ಹೇನಿಗೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಸಿಂಪಡಿಸಿ. ಹೀರೆ, ಹಾಗಲದ ಮಿಡಿಗೆ ಕಾಗದ ಸುತ್ತಿದರೆ ಹಣ್ಣುನೊಣ ಕಾಡುವುದಿಲ್ಲ. ಮಲ್ಲಿಗೆಗೆ ಔಷಧಿ ಹೊಡೆಯುವ ಭಟ್ಕಳದ ಮನೆಗಳವರು ಗಿಡದ ಬುಡದ ಹುಲ್ಲನ್ನು ಹಸುವಿಗೆ ಕೊಡಬೇಡಿ. ಉಣ್ಣೆಯ ಔಷಧಿ ತೊಳೆದ ನೀರನ್ನು ಮಡಿಗೆ ಬಿಡಬೇಡಿ.

ಹಸು ನೊರೆ ಸುರಿಸಿ ನಡುಗಿದರೆ ಬಾಯಿಗೆ ಏನನ್ನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಮೇವು ತೆಗೆದು, ಕೂಡಲೇ ನಮಗೆ ಅಥವಾ 1962ಕ್ಕೆ ಕರೆ ಮಾಡಿ, ಔಷಧಿಯ ಬಾಟಲಿ ಎತ್ತಿಡಿ. ನಾವು ಹೇಳುವವರೆಗೆ ಆ ಹಸುವಿನ ಹಾಲನ್ನು ಸಂಘಕ್ಕೂ ಹಾಕಬೇಡಿ, ಮನೆಯಲ್ಲೂ ಕುಡಿಯಬೇಡಿ.

ಮಳೆಗೆ ಇನ್ನು ಕೆಲವೇ ವಾರ. ಈ ವಾರ ಜಾಗ ನೋಡಿ ಮಡಿ ಏರಿಸಿ, ಸುಣ್ಣ ಹಾಕಿ. ಎರಡು ವಾರ ಬಿಟ್ಟು ಗೊಬ್ಬರ ಬೆರೆಸಿ. ಹಾಗೆಯೇ, ತೋಟಕ್ಕೆ ಯಾರು ಏನು ಹಾಕಿದರೂ ಮನೆಯ ಎಲ್ಲರಿಗೂ ಹೇಳಬೇಕೆಂದು ಇಂದೇ ಮಾತಾಡಿಕೊಳ್ಳಿ. ಮುಂದಿನ ಸಲ ಹಸು ನೋಡಲು ಬಂದಾಗ ನಿಮ್ಮ ಮಡಿಯನ್ನೂ ನೋಡುತ್ತೇನೆ.